ಕೊನೆಗದ್ದೆಗೆ ಮೊದಲ ನೀರು

ಅಜ್ಜನ ಅಜ್ಜ ಇನ್ನೂ ತೊಟ್ಟಿಲಲ್ಲಿದ್ದ ಕಾಲಕ್ಕೆ ಹೊಂಬಯಲು ಎಂಬ ರಾಜ್ಯವೊಂದಿತ್ತು. ರಾಜ್ಯಕ್ಕೆಲ್ಲ ಇದ್ದದ್ದು ಒಂದೇ ಕೆರೆ. ಯುವರಾಜ ನನ್ನಿರಾಯನಿಗೆ ಅದೇ ಅವಮಾನ.

"ಹಿಮದೇಶದಲ್ಲಿ ಮೊದಲು ಬಂದವನು ಬೇಕಾದಷ್ಟು ನೀರು ತಿರುಗಿಸಿಕೊಳ್ಳುತ್ತಾನಂತೆ!" ಎಂದು ಹೋದ, ನೋಡಿದ, ಬೆರಗಾದ. ಅಲ್ಲಿ ಧೂಮ್ರಕೇಶನೆಂಬ ಮಾಂತ್ರಿಕ ಅಡ್ಡ ಬಂದ.

"ಇಲ್ಲಿಯ ಪದ್ಧತಿಯನ್ನೇ ನಿನ್ನೂರಿಗೆ ತಂದುಕೊಡಲೇ? ಬದಲಿಗೆ ನಿಮ್ಮ ನೀರಿನ ಪದ್ಧತಿ ನನಗೆ ಕೊಡು."

"ನಮ್ಮದೇನು ಮಹಾ ಪದ್ಧತಿ! ತಗೋ."

ಊರಿಗೆ ಮರಳಿದರೆ ಕೆರೆಯ ತೂಬಿನಲ್ಲಿ ಬೆಳ್ಳಿಯ ಮೊಸಳೆಯೊಂದು ಕೂತಿತ್ತು. ಹತ್ತಿರದ ಗದ್ದೆಗಷ್ಟೇ ಬಾಯಿ ತೆರೆಯುತ್ತಿತ್ತು. ಮೇಲಿನ ಪೈರು ಮುಳುಗಿತು, ಕಾಲುವೆಯ ಕೊನೆಯ ಪೈರು ಸುಟ್ಟುಹೋಯಿತು.

ಕೊನೆಗದ್ದೆಯ ಮುದುಕಿ ಸಣ್ಣೀರಮ್ಮ ಕೇಳಿದಳು: "ಯುವರಾಜರೇ, ಹಿಮದೇಶ ಬಂತು, ಸರಿ. ಹಿಮ ಯಾವಾಗ ಬರುತ್ತೆ?"

ಜನ ಗೊಳ್ಳೆಂದರು. ನನ್ನಿರಾಯನಿಗೆ ನೆಲ ಬಾಯಿಬಿಡಬಾರದೇ ಎನಿಸಿತು.

ಮೊಸಳೆಯನ್ನು ಓಡಿಸಲು ಮೊದಲ ಸಲ ಕತ್ತಿ ಹಿಡಿದು ಹೋದ. ಕತ್ತಿ ಬಾಗಿತು, ಮೊಸಳೆ ನಕ್ಕಿತು: "ಕೊಟ್ಟದ್ದನ್ನು ಹೆಸರು ಹೇಳಿ ಕೇಳು, ಬಿಡುತ್ತೇನೆ." ಹೆಸರು? ಅವನಿಗೆಲ್ಲಿ ಗೊತ್ತು!

ಎರಡನೆಯ ಸಲ ಹಿಮದೇಶದ ರಾಣಿಯ ಬಳಿಗೆ ಓಡಿದ, ಮಂತ್ರ ಬೇಡಿದ.

"ಮಂತ್ರವೇ?" ಎಂದಳು ರಾಣಿ. "ಬೇಸಿಗೆಯಲ್ಲಿ ಹಿಮ ಕರಗಿ ನಮ್ಮ ನದಿ ತುಂಬುತ್ತದೆ, ಮಗು. ಅಷ್ಟೇ ನಮ್ಮ ಗುಟ್ಟು. ಬತ್ತುವ ಕೆರೆಯವರು ನೀವು ಹೇಗೆ ಹಂಚಿಕೊಳ್ಳುತ್ತಿದ್ದಿರಿ? ಹೇಳು, ನಾವೂ ಕಲಿಯುತ್ತೇವೆ."

ಯುವರಾಜ ಬಂದ ದಾರಿಗೇ ಕುದುರೆ ತಿರುಗಿಸಿದ. ತನ್ನ ಮನೆಯ ಸುದ್ದಿ ಪರರು ಕೇಳಿದರೆ ಹೇಳಲಾರದವನ ಮುಖ ಹೇಗಿರಬೇಡ!

ಮೂರನೆಯ ಸಲ ಕೊನೆಗದ್ದೆಗೆ ಬಂದು, ಕುದುರೆಯಿಳಿದು, ಎಲ್ಲರೆದುರು ಕೈಮುಗಿದ. "ಅಜ್ಜೀ, ನಿಮ್ಮನ್ನು ಕೇಳದೆ ಕೊಟ್ಟುಬಿಟ್ಟೆ. ಕೊಟ್ಟದ್ದೇನೆಂದು ನನಗೇ ತಿಳಿಯದು."

"ಶಿವನೇ! ಎಮ್ಮೆ ಮಾರಿದ ಮೇಲೆ ಕೊಂಬೆಷ್ಟು ಅಂತ ಕೇಳ್ತಾರಲ್ಲ!" ಎಂದರು ಯಾರೋ.

"ಸುಮ್ಮನಿರಿ," ಗದರಿದಳು ಸಣ್ಣೀರಮ್ಮ. "ಕೊನೆಗದ್ದೆಗೆ ಮೊದಲ ನೀರು, ಮಗಾ. ಕೊನೆಗೆ ಮುಟ್ಟಿದ ಮೇಲೇ ಮೇಲಿನವರ ಸರದಿ. ಅದಕ್ಕೇ ಮೇಲಿನವರೂ ಓಡಿಬಂದು ಕಾಲುವೆಯ ಹೂಳೆತ್ತುತ್ತಿದ್ದರು."

ನನ್ನಿರಾಯ ತೂಬಿನೆದುರು ನಿಂತು ಕೂಗಿದ: "ಕೊನೆಗದ್ದೆಗೆ ಮೊದಲ ನೀರು! ನಮ್ಮದನ್ನು ನಮಗೆ ಕೊಡು!" ಮೊಸಳೆ ಒಡೆದು ಕೆರೆಯ ಮೀನುಗಳಾಯಿತು. ದೂರದಲ್ಲಿ ಧೂಮ್ರಕೇಶ ಹೊಗೆಯಾಗಿ ಹಾರಿಹೋದ.

ಅರಮನೆಯ ಗದ್ದೆ ಕೆರೆಗೆ ಅಂಟಿಕೊಂಡೇ ಇತ್ತು. ಗುದ್ದಲಿ ಹಿಡಿದ ಯುವರಾಜ ಎಲ್ಲರ ಪೈರೂ ನೆನೆಯುವವರೆಗೆ ಕಾದ. ಮುಂದೆಯೂ ಪರದೇಶಗಳಿಗೆ ಹೋದ, ಕಲಿತೂ ಬಂದ. ಆದರೆ ಕಾಲುವೆ ನೋಡುವ ಮುನ್ನ ಅಲ್ಲಿಯ ಮಳೆಯನ್ನು ವಿಚಾರಿಸುತ್ತಿದ್ದ. ಹೊಂಬಯಲಿನವರು ಉಂಡು ತೇಗಿ ಸುಖವಾಗಿದ್ದರು. ಅವನೂ ಸುಖವಾಗಿದ್ದ; ಸಣ್ಣೀರಮ್ಮ ಎದುರಾದರೆ ಮಾತ್ರ ತಲೆ ತಾನಾಗಿ ತಗ್ಗುತ್ತಿತ್ತು.