ಬಲಗೈ ಕಡೆಯ ಬೇಲಿ

ಕರು ಹೊರಬಂದಾಗ ಮುಖವೊಂದು ಬಿಟ್ಟು ಮೈಯೆಲ್ಲ ಕಪ್ಪು.

ಆರ್ಲೀನ್ ಕರುವನ್ನೆಳೆದ ಹಗ್ಗ ಕೈಬಿಟ್ಟು ಹುಲ್ಲಿನ ಮೇಲೆ ಕುಸಿದಳು. ನೆಬ್ರಾಸ್ಕಾದ ಮರಳುದಿಬ್ಬಗಳ ನಡುವೆ ದನ ಸಾಕುವ ಆ ರಾಂಚಿನಲ್ಲಿ ಕೆಂಪು ಮೈ, ಬಿಳಿ ಮುಖದ ಹೆರೆಫರ್ಡ್ ಬಿಟ್ಟರೆ ಬೇರೆ ದನವಿರಲಿಲ್ಲ. ಅಪ್ಪ ಆಯುಷ್ಯವೆಲ್ಲ ಸವೆಸಿ ಕಟ್ಟಿದ ತಳಿ ಅದು. ಅಪ್ಪ ತೀರಿಹೋದ ಮೇಲೆ, ಈ ಚೊಚ್ಚಲ ಕಡಸುಗಳ ಕರುಗಳನ್ನು ತಳಿಸಂಘದಲ್ಲಿ ತನ್ನ ಹೆಸರಿನಲ್ಲಿ ನೋಂದಾಯಿಸುವ ಆಸೆಯಿಂದಲೇ ಅವಳು ಚಳಿಗಾಲ ದೂಡಿದ್ದಳು. ಕಪ್ಪು ಕರುವಿಗೆ ಅಲ್ಲಿ ಜಾಗವಿಲ್ಲ.

ಆ ಸುತ್ತಿನಲ್ಲಿ ಕಪ್ಪು ಹೋರಿ ಇದ್ದದ್ದು ಪಕ್ಕದ ರಾಂಚಿನ ಡೆಲ್ಮರ್‌ನದು ಮಾತ್ರ. ಅವನೋ, ಬೆಳಗಾಗುತ್ತಲೇ ಸಹಾಯಕ್ಕೆ ಬಂದು, ಈಗ ಅವಳೆದುರಿಗೇ ಕರುವಿನ ಮೂಗು ಒರೆಸುತ್ತಿದ್ದ.

"ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು. ತಪ್ಪು ನಂದೇ ಆರ್ಲೀನ್. ಬೇಲಿ ನನ್ನ ಪಾಲಲ್ಲಿ ಬಿದ್ದಿತ್ತು."

ಇನ್ನು ಈ ಕಡೆ ತಲೆ ಹಾಕಬೇಡ ಎಂದಳು. ಅವನು ಟೋಪಿ ಎತ್ತಿಕೊಂಡು ಹೊರಟ. ನಿದ್ದೆಗೆಟ್ಟ ಆ ಕಣ್ಣುಗಳು ಒಂದು ಗಳಿಗೆ ಅವಳ ಮೇಲೆ ನಿಂತು, ನಾಚಿಕೊಂಡಂತೆ ನೆಲಕ್ಕಿಳಿದವು.

ಎರಡು ರಾಂಚುಗಳ ನಡುವಿನ ಬೇಲಿಗೆ ಆ ಸೀಮೆಯಲ್ಲೊಂದು ಪದ್ಧತಿ ಉಂಟು. ಬೇಲಿಯ ನಟ್ಟನಡುವೆ ಪಕ್ಕದವರ ನೆಲಕ್ಕೆ ಮುಖಮಾಡಿ ನಿಂತರೆ, ಬಲಗೈ ಕಡೆಯ ಅರ್ಧ ನಮ್ಮ ಹೊಣೆ. ಸಿಟ್ಟು ಆರದೆ ಆರ್ಲೀನ್ ಹೋಗಿ ನಿಂತಳು. ಎಡಕ್ಕೆ ಅವನ ಪಾಲು: ಹಳೆಯ ಕಂಬ, ಹಳೆಯ ತಂತಿ, ಒಂದೂ ಅಲುಗಿಲ್ಲ. ಬಲಕ್ಕೆ ಅವಳದು. ಕಳೆದ ಬೇಸಿಗೆಯೆಲ್ಲ ಅಪ್ಪನ ಹಾಸಿಗೆಯ ಪಕ್ಕದಲ್ಲೇ ಕಳೆದವಳು ಇತ್ತ ಬಂದೇ ಇರಲಿಲ್ಲ. ಆದರೂ ಅಲ್ಲಿ ಹೊಸ ಕಂಬಗಳು, ಹೊಸ ಮುಳ್ಳುತಂತಿ, ಹಳ್ಳದವರೆಗೂ.

ಸಿಟ್ಟು ಯಾರ ಮೇಲೆ ಮಾಡಬೇಕೋ ತಿಳಿಯದೆ, ಅವಳು ನೇರ ಅವನ ಅಡುಗೆಮನೆಗೆ ಹೋದಳು. ಅವನು ಒಂದು ಬೂಟು ಕಳಚಿ, ಇನ್ನೊಂದಕ್ಕೆ ಕೈ ಸಾಗದೆ ಕುರ್ಚಿಯಲ್ಲಿ ಕೂತಿದ್ದ.

"ಬಿದ್ದದ್ದು ನನ್ನ ಬೇಲಿ. ಸುಳ್ಳು ಯಾಕೆ ಹೇಳಿದೆ?"

ಹೋರಿ ನುಗ್ಗಿದ ದಿನವೇ ಹೇಳಲು ಬಂದಿದ್ದನಂತೆ. ಅವಳು ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳು. ಆಮೇಲೆ ಅಪ್ಪನ ಮಣ್ಣಿಗೆ ಬಂದಾಗ ನಾಲಿಗೆ ಏಳಲಿಲ್ಲ. ದಿನ ಕಳೆದಷ್ಟೂ ಮಾತು ಭಾರವಾಯಿತು.

"ಹೇಳಬೇಕಿತ್ತು. ಆಸೆಯಾದರೂ ಇಟ್ಟುಕೊಳ್ತಿರಲಿಲ್ಲ."

"ಹೌದು," ಎಂದ.

"ಹೋರಿ ಮುರಿದದ್ದು ಒಂದು ಕಡೆ. ನೀನು ಕಟ್ಟಿದ್ದು ಇಡೀ ಅರ್ಧ. ಅದ್ಯಾಕೆ?"

ಅವನ ಕಿವಿ ಕೆಂಪಾಯಿತು. "ಅಲ್ಲಿಂದ ನಿನ್ನ ಕಿಟಕಿ ಕಾಣುತ್ತೆ."

"ಕಿಟಕಿ ನೋಡ್ಕೊಂಡು ತಂತಿ ಬಿಗಿದೆಯಾ?"

"ಅದಕ್ಕೇ ಅಲ್ಲಲ್ಲಿ ಸೊಟ್ಟಗಿದೆ."

ನಗಬಾರದೆಂದುಕೊಂಡರೂ ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣೀರು. ಸಾಕಾಗಿದೆ, ದನವೆಲ್ಲ ಮಾರಿಬಿಡ್ತೀನಿ ಎಂದಳು. ಅವನು ಬೇಡವೆಂದು ತಲೆಯಾಡಿಸಿದ. ಕೆಟ್ಟದ್ದು ಈ ವರ್ಷದ ಕರು, ತಾಯಂದಿರ ತಳಿಯಲ್ಲ. ಮುಂದಿನ ವರ್ಷ ಕೆಂಪು ಕರುವೇ ಹುಟ್ಟುತ್ತೆ. ಅಷ್ಟು ಹೇಳಿ, ನನ್ನನ್ನು ಮದುವೆಯಾಗ್ತೀಯಾ ಎಂದ.

"ಕರು ಹಾಕೋ ಕಾಲ ಮುಗೀಲಿ."

"ಆಮೇಲೆ ಕರುಗಳಿಗೆ ಗುರುತಿನ ಬರೆ ಹಾಕೋದು, ಆಮೇಲೆ ಹುಲ್ಲು ಕೊಯ್ಲು, ಮತ್ತೆ ಹಿಮ. ನಮಗೆ ಬಿಡುವು ಅಂತ ಬರಲ್ಲ ಕಣೆ."

ಆರ್ಲೀನ್ ಅವನ ಒಡೆದ ಕೈಗಳನ್ನು ನೋಡಿದಳು. ತನ್ನವೂ ಹಾಗೇ ಇದ್ದವು.

"ಆಯ್ತು, ಆಗ್ತೀನಿ. ಆದರೆ ಬೇಲಿ ಇರುತ್ತೆ. ನಿನ್ನ ಹೋರಿ ಆ ಕಡೆ, ನನ್ನ ಕಡಸುಗಳು ಈ ಕಡೆ."

"ನಾನು?"

"ನೀನು ಗೇಟಿಂದ ಬಾ, ಮನುಷ್ಯರ ಹಾಗೆ."

ಅವಳು ಕಾಫಿ ಬಗ್ಗಿಸಿ ತಿರುಗುವಷ್ಟರಲ್ಲಿ ಅವನು ಗೋಡೆಗೆ ತಲೆಯಾನಿಸಿ ನಿದ್ದೆ ಹೋಗಿದ್ದ, ತುಟಿಯ ಮೇಲೆ ಅರ್ಧ ನಗು. ಅವಳು ಬಗ್ಗಿ ಉಳಿದ ಬೂಟು ಮೆಲ್ಲಗೆ ಕಳಚಿದಳು. ಹೊರಗೆ, ಅವನ ಕೊಟ್ಟಿಗೆಯಲ್ಲಿ ಯಾವುದೋ ಹಸು ಈಯುವ ನೋವಿನಿಂದ ನರಳಿತು. ಎಬ್ಬಿಸಲು ಮನಸ್ಸಾಗಲಿಲ್ಲ. ಅವನ ಪಾಲಿನ ಕಾಫಿಯನ್ನೂ ತಾನೇ ಕುಡಿದು, ಅಂಗಿಯ ತೋಳು ಮಡಚುತ್ತ ಕೊಟ್ಟಿಗೆಗೆ ನಡೆದಳು.