ದೂತನಿಗೊಂದು ಹಾರ

ದೆಹಲಿ ಪಕ್ಕದ ಇಂದಿರಾಪುರಂ ಸೊಸೈಟಿಯ ಗೇಟಿನ ಬಳಿ ಚಹಾ ಕುಡಿಯುತ್ತ ಮಲ್ಲಿಕಾರ್ಜುನ ಕೇಳಿದ್ದು ಇಷ್ಟೇ: "ನೀವಿಲ್ದೆ ಈ ಊರಲ್ಲಿ ನಂಗೆ ಏನೂ ರುಚಿಸಲ್ಲ. ಮದುವೆ ಆಗ್ತೀರಾ?"

ನಿಶಿತಾ ಗಾಬರಿಯಾಗಿ ನಕ್ಕಳು. "ಅರೇ, ಡ್ರಾಮಾ ಮಾಡ್ಬೇಡಿ."

ಅವನು ಲೋಟ ಇಟ್ಟು ಹೋದ. ಆಮೇಲೆ ಆಫೀಸಿನ ಕ್ಯಾಬ್‌ನಲ್ಲಿ ದಿನವೂ ಮುಂದಿನ ಸೀಟು ಹಿಡಿದ, ತಿರುಗಿ ನೋಡಲಿಲ್ಲ. ಅವನ ಕಿವಿಯ ಹಿಂದಿನ ಮಚ್ಚೆ ನೋಡುತ್ತಲೇ ಅವಳು ನೋಯ್ಡಾ ತಲುಪುತ್ತಿದ್ದಳು.

ಶನಿವಾರ ಕನ್ನಡ ಸಂಘದ ನಾಟಕದ ಪ್ರಾಕ್ಟೀಸಿಗೆ ಅವಳೇ ಹುಡುಕಿಕೊಂಡು ಹೋದಳು. ಅವನದು ದೂತನ ಪಾತ್ರ. ಮೂಲೆಯಲ್ಲಿ ಕೂತು ಪೇಟಕ್ಕೆ ಜರಿ ಹೊಲಿಯುತ್ತಿದ್ದ.

"ನಾನೇನಂದೆ ಅಂತ ಇಷ್ಟು ಕೋಪ?"

"ಕೋಪ ಅಲ್ಲ. ನಮ್ಮೂರಲ್ಲಿ ಸುಳ್ಳು ಅಳು ಅಳೋರಿಗೆ ಡ್ರಾಮಾ ಅಂತಾರೆ. ನಾನು ಸುಳ್ಳು ಹೇಳಿರ್ಲಿಲ್ಲ."

"ನಮ್ಮನೇಲಿ ಹಾಲು ಉಕ್ಕಿದ್ರೂ ಅಮ್ಮ ಡ್ರಾಮಾ ಅಂತಾರೆ. ಲಿಫ್ಟ್ ಕೆಟ್ರೂ ಡ್ರಾಮಾ. ಏನು ಹೇಳ್ಬೇಕೋ ತಿಳೀದಿದ್ರೆ ನಂಗೂ ಅದೇ ಬಾಯಿಗೆ ಬರತ್ತೆ."

ಅವನು ಸೂಜಿ ನಿಲ್ಲಿಸಿದ. "ಅಚ್ಛಾ. ಹಾಗಾದ್ರೆ ಉತ್ತರ?"

"ಅಮ್ಮಂಗೆ ಹೇಳೋ ಧೈರ್ಯ ಇಲ್ಲ. ಅವರಿಗೆ ಹೇಳ್ದೆ ನಿಮಗೆ ಹ್ಞೂ ಅನ್ನೋಕೂ ಮನಸ್ಸಿಲ್ಲ."

ಅವನು ಒತ್ತಾಯ ಮಾಡಲಿಲ್ಲ. ದಾರ ಪೋಣಿಸುತ್ತ ಊರಿನ ಮಾತು ತೆಗೆದ. ಅಲ್ಲಿ ರಾಗಿ ಒಕ್ಕಣೆ ಮುಗಿದ ಮೇಲೆ ನಾಟಕ ಕಲಿಯುತ್ತಾರೆ. ಆಟ ನಡೆಯುತ್ತಿರುವಾಗಲೇ ಮನೆಯವರು ಮೇಲೆ ಹತ್ತಿ ಪಾತ್ರಧಾರಿಗೆ ಹಾರ ಹಾಕುತ್ತಾರೆ. ಅಷ್ಟು ಹೊತ್ತು ಹಾರ್ಮೋನಿಯಂ ಒಂದೇ ಸ್ವರ ಹಿಡಿದಿರುತ್ತದೆ, ರಾಜನೂ ಕಾಯುತ್ತಾನೆ.

"ಬಾಗಿಲು ಕಾಯೋ ಪಾತ್ರಕ್ಕೂ ಹಾರ ಬೀಳತ್ತೆ. ಇವನು ನಮ್ಮವನು ಅಂತ ಎಲ್ಲರಿಗೂ ತೋರ್ಸೋದು ಹಾಗೆ."

"ಇಲ್ಲಿ ನಿಮಗೆ?"

"ಇಲ್ಲಿ ಯಾರಿದಾರೆ."

ಭಾನುವಾರ ಸಂಜೆ ನಾಟಕದಲ್ಲಿ ದೂತ ಬಂದು ರಾಜನಿಗೆ ಕೈಮುಗಿದ. "ಪ್ರಭು, ಗಡಿಯಿಂದ ಸುದ್ದಿ..."

ಎರಡನೇ ಸಾಲಿನಲ್ಲಿ ಅಮ್ಮ ಲೀಲಾ ಅವರ ಪಕ್ಕದಿಂದ ನಿಶಿತಾ ಎದ್ದಳು. ಕೈಯಲ್ಲಿ ಚೆಂಡುಹೂವಿನ ಹಾರ. ಅವಳು ಮೆಟ್ಟಿಲು ಹತ್ತುವಾಗ ಸಭೆಯಲ್ಲಿ ಗುಸುಗುಸು. ರಾಜ ಕಕ್ಕಾಬಿಕ್ಕಿಯಾಗಿ ಪರದೆಯ ಕಡೆ ನೋಡಿದ. ಹಾರ್ಮೋನಿಯಂ ನುಡಿಸುವ ಮರಿಯಪ್ಪನವರು ಮಲ್ಲಿಕಾರ್ಜುನನ ಸೀಮೆಯವರೇ. ಅವರು ಮಾತ್ರ ಒಂದು ಸ್ವರ ಒತ್ತಿ ಹಿಡಿದರು.

ದೂತ ತಲೆ ಬಾಗಿಸಿದ. ಹಾರ ಪೇಟಕ್ಕೆ ಸಿಕ್ಕಿಕೊಂಡಿತು. ಅವಳು ಬಿಡಿಸಿ ಕೊರಳಿಗೆ ಇಳಿಸಿದಳು.

"ಅಮ್ಮ ನೋಡ್ತಿದಾರೆ," ಅಂದ ಮೆಲ್ಲಗೆ.

"ನೋಡ್ಲಿ ಅಂತಾನೇ."

ಹಾರ ಹಾಕಿಕೊಂಡೇ ಅವನು ಉಳಿದ ಸುದ್ದಿ ಒಪ್ಪಿಸಿದ.

ಆಟ ಮುಗಿದು, ಬಣ್ಣ ತೊಳೆದು ಅವನು ಹೊರಬಂದಾಗ ಬಾಗಿಲಲ್ಲಿ ಲೀಲಾ ನಿಂತಿದ್ದರು, ಅವರ ಹಿಂದೆ ನಿಶಿತಾ. ಲೀಲಾ ಅವನನ್ನು ನೋಡಿದರು, ಕೊರಳಿನ ಹಾರ ನೋಡಿದರು, ಕೊನೆಗೆ ಮಗಳನ್ನು.

"ಮನೇಲಿ ಬಾಯಿಬಿಟ್ಟು ಹೇಳೋಕಾಗ್ದೆ ಇಷ್ಟೆಲ್ಲ ಡ್ರಾಮಾನೇನೇ?"

ನಿಶಿತಾ ನೆಲ ನೋಡಿದಳು. ಮಲ್ಲಿಕಾರ್ಜುನನಿಗೆ ಆ ಮಾತು ಈ ಸಲ ಚುಚ್ಚಲಿಲ್ಲ.

"ಊಟಕ್ಕೆ ಬನ್ನಿ," ಅಂದರು ಲೀಲಾ ಅವನಿಗೆ. "ಮುದ್ದೆ ಇಲ್ಲ, ಅನ್ನ-ಸಾರೇ."

ಅವನು ಹಾರ ತೆಗೆಯಲು ಕೈಯೆತ್ತಿದ, ಲೀಲಾ ತಡೆದರು.

"ಇರ್ಲಿ ಬಿಡಿ. ಲಿಫ್ಟಲ್ಲಿ ಎಲ್ಲರೂ ನೋಡ್ಲಿ."