ಅಗಸಿ ಹಿಂಡಿ ಡಬ್ಬಿಯೊಳಗಿನ ಕಾರ್ಡು

ಡಬ್ಬಿ ಇತ್ತು. ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಹಿಂಡಿಯ ಪುಡಿಯೂ ಇತ್ತು. ಹಿಂಡಿಯೊಳಗೆ ಹುಗಿದಿಟ್ಟ ಕ್ಯಾಮೆರಾ ಕಾರ್ಡು ಮಾತ್ರ ಇರಲಿಲ್ಲ.

ನೇತ್ರಾ ಹಿಂಡಿಯನ್ನೆಲ್ಲ ತಾಟಿಗೆ ಸುರಿದು ಬೆರಳಾಡಿಸಿದಳು. ಊಹೂಂ. ಆಕೆ ಗಿರಣಿಗೆ ಹೋಗಿ ಜೋಳ ಬೀಸಿಸಿಕೊಂಡು ಬರುವಷ್ಟರಲ್ಲಿ ಯಾರೋ ಚಿಲಕ ತೆಗೆದು ಬಂದುಹೋಗಿದ್ದರು. ಅರ್ಧ ಲಕ್ಷದ ಕ್ಯಾಮೆರಾ ಗೂಟದಲ್ಲಿ ಹಾಗೇ ತೂಗುತ್ತಿತ್ತು.

ನೇತ್ರಾ ತಿರ್ಲಾಪುರದವಳು. ಹನ್ನೊಂದು ಭಾಷೆಗಳಲ್ಲಿ ಸುದ್ದಿ ಕೊಡುವ ವಿದೇಶಿ ಸುದ್ದಿಜಾಲವೊಂದಕ್ಕೆ ನವಲಗುಂದ ತಾಲೂಕಿನ ವರದಿಗಾರ್ತಿ. ಕಾರ್ಡಿನಲ್ಲಿದ್ದವಳು ರಹೀಮಾಬಿ. ಹೋದ ತಿಂಗಳು ಹತ್ತಿ ಮಿಲ್ಲಿನ ಯಂತ್ರ ಆಕೆಯ ಬಲಗೈಯ ಮೂರು ಬೆರಳು ನುಂಗಿತ್ತು. ಈಗ ಅಲ್ಲೇ ಅಂಗಳ ಗುಡಿಸುತ್ತಾಳೆ. ಯಂತ್ರಕ್ಕೆ ಇವತ್ತಿಗೂ ಮುಚ್ಚಳವಿಲ್ಲ. ಹದಿನೆಂಟು ಹೆಂಗಸರು ಅದರ ಮುಂದೆಯೇ ಕೂರುತ್ತಾರೆ. ಸುದ್ದಿಯಲ್ಲಿ ಕೈ ಮಾತ್ರ ಕಾಣಬೇಕಿತ್ತು, ಮುಖವಲ್ಲ. ಕಾರ್ಡಿನಲ್ಲಿ ಎರಡೂ ಇದ್ದವು.

ಜಾಲದ ಹುಬ್ಬಳ್ಳಿ ಕಚೇರಿಯ ಸಂಪಾದಕ ಸಂಗನಬಸವ ಫೋನಿನಲ್ಲಿ ಸಿಕ್ಕ.

"ನೀ ಬರದದ್ದು ಬಂದೈತಿ. ಆದ್ರ ಕಾರ್ಡಿನಾಗಿನ ಪೂರ್ತಿ ವಿಡಿಯೊ ನೋಡದ ನಾ ಮುಂದ ಕಳಸೂದಿಲ್ಲವ್ವಾ. ನಾ ಒಪ್ಪಿದ್ರ ದಿಲ್ಲಿ, ದಿಲ್ಲಿ ಒಪ್ಪಿದ್ರ ಹನ್ನೊಂದು ಭಾಷಿ. ಎರಡು ಗಂಟಿತನಕ ಕಾಯ್ತೀನಿ."

"ಮಿಲ್ಲಿನವರ ಕೈಗೆ ಸಿಕ್ಕಿದ್ರ ರಹೀಮಾಬಿ ಗತಿ ಏನ್ರಿ ಸರ?"

"ಅದಕ್ಕ ಹುಡುಕು ಅನ್ನಾಕತ್ತೀನಿ."

* * *

ಡಬ್ಬಿಯ ಬಾಯಿಗೆ ಕಟ್ಟಿದ್ದ ಅರಿವೆಯ ಮೇಲೆ ಕೆಂಪು ಕಲೆ ಇತ್ತು. ಮಿಲ್ಲಿನ ಮೇಸ್ತ್ರಿ ಈರೇಶನ ಬಾಯಿ ಗುಟ್ಕಾ ಬಿಟ್ಟು ಇದ್ದದ್ದೇ ಇಲ್ಲ. ನಿನ್ನೆ ಅವನ ಬೈಕು ಎರಡು ಸಲ ಈ ಓಣಿಯಲ್ಲಿ ಓಡಾಡಿತ್ತು. ನೇತ್ರಾ ಮಿಲ್ಲಿನ ಗೇಟಿಗೆ ಹೋದಳು.

"ಏನ್ರಿ ಈರೇಶಣ್ಣ, ಮುಂಜಾನಿ ನಮ್ಮ ಓಣ್ಯಾಗ ಕಂಡಂಗಾತಲ್ಲ?"

"ಎಲ್ಲಿ ಓಣಿರಿ! ನಿನ್ನಿ ಆಳು ಕರಿಯಾಕ ಬಂದಿದ್ದೆ. ಇವತ್ತು ಏಳರಿಂದ ಲೋಡ್ ಇಳಸಾಕತ್ತೀನಿ. ಆಳು ಕಡಿಮಿ. ಆ ರಹೀಮಾಬಿನೂ ಬಂದಿಲ್ಲ."

ಅವನ ಮೈಮೇಲೆಲ್ಲ ಹತ್ತಿ. ಇವನು ಒಳಗೆ ಬಂದಿದ್ದರೆ ನೆಲದ ಮೇಲೆ ಒಂದೆಳೆಯಾದರೂ ಬಿದ್ದಿರಬೇಕಿತ್ತು. ಮನೆಯಲ್ಲಿ ಒಂದೂ ಇರಲಿಲ್ಲ.

* * *

ನೇತ್ರಾ ಮನೆಗೆ ಬಂದು ಆ ಅರಿವೆಯನ್ನು ಮತ್ತೆ ಬೆಳಕಿಗೆ ಹಿಡಿದಳು. ಕಲೆ ಇದ್ದದ್ದು ಗಂಟಿನ ಒಂದು ತುದಿಗೆ ಮಾತ್ರ. ಆ ತುದಿ ಇನ್ನೂ ಒದ್ದೆ. ಮೇಲೆ ಹಲ್ಲಿನ ಗುರುತು.

ಆಕೆಗೆ ನಿನ್ನೆಯ ಸಂಜೆ ನೆನಪಾಯಿತು. ಸುದ್ದಿ ಬಿಡುವ ಮೊದಲು ಮಾತಾಡಿದವರಿಗೆ ಅದನ್ನು ಪೂರ್ತಿ ಓದಿ ಹೇಳಬೇಕು. ಅದು ಜಾಲದ ಕಟ್ಟಳೆ. ಓದಿ ಮುಗಿಸಿ, ಹನ್ನೊಂದು ಭಾಷೆಗಳ ಹೆಸರನ್ನು ಹೆಮ್ಮೆಯಿಂದ ಹೇಳಿದ್ದಳು. "ಉರ್ದುನೂ ಐತೇನು?" ಎಂದು ರಹೀಮಾಬಿ ಎರಡು ಸಲ ಕೇಳಿದ್ದಳು. ನೇತ್ರಾ ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ಈಗ ತನ್ನ ಬಗ್ಗೆಯೇ ನಾಚಿಕೆಯಾಯಿತು.

* * *

ರಹೀಮಾಬಿ ತನ್ನ ಮನೆಯಲ್ಲೇ ಇದ್ದಳು. "ಚಾಚಿ, ಕಾರ್ಡು ನಿಮ್ಮ ಹತ್ರ ಐತಿ," ಎಂದಳು ನೇತ್ರಾ.

ರಹೀಮಾಬಿ ಎಲೆಅಡಿಕೆ ಸಂಚಿಯಿಂದ ಕಾರ್ಡು ತೆಗೆದಳು. "ಹೆಂಗ ಗೊತ್ತಾತವ್ವಾ?"

"ಇರುವಿ ಮುತ್ತಬಾರದಂತ ಡಬ್ಬಿಗೆ ಅರಿವಿ ಕಟ್ಟಿ ಹೋಗೋ ಕಳ್ಳನ್ನ ನಾ ಎಲ್ಲೂ ನೋಡಿಲ್ಲ. ಅದೂ ಹಲ್ಲಿಲೆ ಕಚ್ಚಿ ಹಿಡದು! ಎರಡೂ ಕೈ ನೆಟ್ಟಗಿದ್ದವರು ಹಂಗ್ಯಾಕ ಕಟ್ತಾರ? ಕೆಂಪು ಗುಟ್ಕಾದ್ದಲ್ಲ, ಎಲಿಅಡಿಕಿದು. ಕಾರ್ಡು ಹಿಂಡಿ ಡಬ್ಬ್ಯಾಗ ಐತಿ, ಹೆದರಬ್ಯಾಡ್ರಿ ಅಂತ ನಾ ಹೇಳಿದ್ದೂ ನಿಮಗೊಬ್ಬರಿಗ. ಮಾಲಕಗ ಅಂಜಿದ್ರೇನು?"

"ಅಂವಗ ಅಂಜಿದ್ರ ಮೊದಲ ಮಾತಾಡ್ತಿದ್ದಿಲ್ಲ." ಆಕೆ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ನಮ್ಮ ರೂಬಿನಾ ಶಾರ್ಜಾದಾಗ ಅದಾಳ. ಬಸುರಿ. ಬೆರಳು ಹೋದದ್ದು ಹೇಳಿಲ್ಲ. ಕನ್ನಡದಾಗ ಅಷ್ಟ ಬರ್ತೈತಿ ಅಂದ್ಕೊಂಡಿದ್ದೆ. ಆಕಿ ದಿನಾ ಉರ್ದು ಸುದ್ದಿ ನೋಡ್ತಾಳ. ಮುಖ ಮುಚ್ಚಿದ್ರೇನಾತು? ತಾಯಿ ಕೈ ಮಗಳಿಗೆ ಗುರ್ತು ಸಿಗೂದಿಲ್ಲೇನು?"

ನೇತ್ರಾ ಹುಬ್ಬಳ್ಳಿಗೆ ಫೋನ್ ಹಚ್ಚಿದಳು. ಉರ್ದು ಒಂದು ಬಿಟ್ಟರೆ ಆಗದೇ?

"ಒಬ್ಬರಿಗೆ ತೋರಿಸಿ ಇನ್ನೊಬ್ಬರಿಗೆ ಮುಚ್ಚಿಡಾಕ ಬರೂದಿಲ್ಲವ್ವಾ," ಎಂದ ಸಂಗನಬಸವ. "ಅವರು ಬ್ಯಾಡಂದ್ರ ಹನ್ನೊಂದೂ ಬ್ಯಾಡ. ಕೇಳಿ ನೋಡು."

ನೇತ್ರಾ ಕಾರ್ಡನ್ನು ಮುಟ್ಟಲಿಲ್ಲ. "ನಿಮ್ಮ ಮಾತ ಕಡೀದು, ಚಾಚಿ. ಎರಡು ಗಂಟಿತನಕ ಹೊತ್ತೈತಿ."

ರಹೀಮಾಬಿ ಮಿಲ್ಲಿನ ದಿಕ್ಕಿಗೆ ನೋಡಿದಳು.

"ಆ ಯಂತ್ರದ ಮುಂದ ನನ್ನ ಜಾಗಾದಾಗ ಈಗ ಬಾಜೂ ಮನಿ ಹಲೀಮಾಬಿ ಮಗಳು ಕುಂತಾಳ," ಎಂದಳು. "ಹತ್ತೊಂಬತ್ತು ವರ್ಷದಾಕಿ. ರೂಬಿನಾಗ ಫೋನ್ ಹಚ್ಚವ್ವಾ, ಮುಖ ಕಾಣೂ ಹಂಗ."

ಪರದೆಯಲ್ಲಿ ರೂಬಿನಾ ನಕ್ಕಳು. ರಹೀಮಾಬಿ ಸೆರಗಿನೊಳಗಿಂದ ಬಲಗೈ ತೆಗೆದು ಎತ್ತಿ ಹಿಡಿದಳು. ಅತ್ತ ನಗು ನಿಂತಿತು. ಆಮೇಲೆ ಅಳು. ತಾಯಿ ಉರ್ದುವಿನಲ್ಲಿ ಸಮಾಧಾನ ಮಾಡಿದಳು. ನೇತ್ರಾಗೆ ಅರ್ಧ ತಿಳಿಯಿತು, ಕಣ್ಣು ಮಾತ್ರ ಪೂರ್ತಿ ತುಂಬಿತು.

ಮಗಳು ಏನೋ ಗಟ್ಟಿಯಾಗಿ ಕೇಳಿದಳು.

"ಇನ್ನೊಂದು ಕೈನೂ ತೋರ್ಸು ಅಂತಾಳ," ಎಂದು ರಹೀಮಾಬಿ ಅಳುತ್ತಲೇ ನಕ್ಕಳು. "ಇನ್ನ ನನ್ನ ನಂಬೂದಿಲ್ಲ."

ಎಡಗೈ ಎತ್ತಿದಳು. ಐದೂ ಬೆರಳಿದ್ದವು. ಅವುಗಳ ನಡುವೆ ಕಾರ್ಡು ಇತ್ತು.

"ತಗೊ," ಎಂದಳು ನೇತ್ರಾಗೆ. "ಎರಡಕ್ಕ ಇನ್ನೂ ಹತ್ತು ನಿಮಿಷ ಐತಿ."